ಟ್ರಾಮಿನ ವಿಲ್ಮಾ ಗಡಿ ದಾಟಿದ್ದು

ವಿಲ್ಮಾ ಬದುಕಿಡೀ ಬ್ರಾಟಿಸ್ಲಾವದ ಬೀದಿಗಳಲ್ಲಿ ಟ್ರಾಮ್ ಓಡಿಸಿದವಳು. ಟ್ರಾಮಿನ ಗಂಟೆಗಿಂತ ಅವಳ ಗಂಟಲೇ ಜೋರು ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ಎಪ್ಪತ್ತರ ಹೊತ್ತಿಗೆ ಮಂಡಿ ಕೈಕೊಟ್ಟಿತು. ಮಗಳು ಜ್ದೆಂಕಾ ನಗರದ ದುಬಾರಿ ಬದುಕಿಗೆ ಬೇಸತ್ತು, ಗಡಿಯಾಚೆ ಆಸ್ಟ್ರಿಯದ ಪಾಮಾ ಹಳ್ಳಿಯಲ್ಲಿ ಹಿತ್ತಲಿದ್ದ ಮನೆಯೊಂದನ್ನು ಕೊಂಡಿದ್ದಳು. ಹಟ ಹಿಡಿದು ಅಮ್ಮನನ್ನೂ ಅಲ್ಲಿಗೇ ಕರೆತಂದಳು.

ಬಂದ ದಿನದಿಂದ ವಿಲ್ಮಾ ಎರಡು ದೇಶಗಳನ್ನೂ ತೂಗುತ್ತಲೇ ಕೂತಳು.

"ನಮ್ಮಲ್ಲಿ ಭಾನುವಾರಾನೂ ಅಂಗಡಿ ತೆಗೆದಿರುತ್ತೆ. ಇಲ್ಲಿ ಊರೇ ಸತ್ತ ಹಾಗೆ."

"ಇಲ್ಲಿ ಡಾಕ್ಟರು ನಿನ್ನ ಮಂಡೀನ ಎಷ್ಟು ನಿಧಾನವಾಗಿ ನೋಡಿದ್ರಮ್ಮ! ಅಲ್ಲಿ ಬಾಗಿಲ ಹೊರಗೆ ಕಾದು ಕಾದು ನೀನು ಬೇರು ಬಿಟ್ಟಿದ್ದೆ."

"ನೋಡಿದ್ರು, ಸರಿ. ಏನಂದ್ರು ಅಂತ ನಂಗೆ ತಿಳೀತಾ? ಅಲ್ಲಿ ಬೈದ್ರೂ ನಮ್ಮ ಮಾತಲ್ಲೇ ಬೈತಿದ್ರು!"

ಒಂದು ಭಾನುವಾರ ಮಧ್ಯಾಹ್ನ, ಬೇಸರ ಕಳೆಯಲೆಂದು ವಿಲ್ಮಾ ಮಂಡಿಗೆ ಪಟ್ಟಿ ಬಿಗಿದು, ಹುಲ್ಲು ಕತ್ತರಿಸುವ ಯಂತ್ರ ಶುರುಮಾಡಿದಳು. ಭಾನುವಾರ ಸದ್ದು ಮಾಡಬಾರದೆಂಬುದು ಆ ಊರಿನ ಕಟ್ಟಳೆ. ಪಕ್ಕದ ಮನೆಯ ಆಗ್ನೆಸ್, ಇವಳದೇ ವಯಸ್ಸಿನ ವಿಧವೆ, ಸೌಟು ಹಿಡಿದುಕೊಂಡೇ ಬೇಲಿಗೆ ಓಡಿಬಂದು ಜರ್ಮನ್‌ನಲ್ಲಿ ಬೈಗುಳದ ಮಳೆ ಸುರಿಸಿದಳು. ವಿಲ್ಮಾ ಯಂತ್ರ ನಿಲ್ಲಿಸಿ, ಅರ್ಥವಾಗದೆ ಕಂಬದಂತೆ ನಿಂತಳು. ಬೈದು ಸುಸ್ತಾದ ಆಗ್ನೆಸ್ ತನ್ನ ಮನೆಮಾತಿನಲ್ಲಿ ಗೊಣಗಿದಳು: "ದೇವ್ರೇ, ಈ ಹೆಂಗಸಿಗೆ ಕಿವೀನೂ ಇಲ್ವೇನೋ!"

ಆ ಹಳ್ಳಿಯ ಹಳಬರು ಶತಮಾನಗಳ ಹಿಂದೆ ವಲಸೆ ಬಂದವರ ವಂಶದವರು; ಅವರ ಮನೆಮಾತು ಕ್ರೊಯೇಷಿಯನ್, ವಿಲ್ಮಾಳ ಸ್ಲೋವಾಕ್‌ಗೆ ದಾಯಾದಿ ಭಾಷೆ.

"ಕಿವಿ ಇದೆ ಕಣ್ರೀ, ಜರ್ಮನ್ ಇಲ್ಲ!" ಎಂದು ವಿಲ್ಮಾ ಟ್ರಾಮಿನ ಗಂಟಲಲ್ಲೇ ಕೂಗಿದಳು.

ಆಗ್ನೆಸ್‌ಳ ಕೈಯಿಂದ ಸೌಟು ಬಿತ್ತು. ಅವಳ ಮೊಮ್ಮಕ್ಕಳು ಆ ಮನೆಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. "ಒಳಗೆ ಬನ್ನಿ, ಸೂಪು ಆರಿಹೋಗುತ್ತೆ" ಎಂದಳಷ್ಟೆ. ಅರ್ಧ ಮಾತು, ಅರ್ಧ ಕೈಸನ್ನೆ. ಸೂಪು ಮುಗಿದರೂ ಮಾತು ಮುಗಿಯಲಿಲ್ಲ. ಚಳಿಗಾಲ ಬರುವಷ್ಟರಲ್ಲಿ 'ರೀ' ಹೋಗಿ 'ಮಾರಾಯ್ತಿ' ಬಂದಿತ್ತು.

ವಸಂತದಲ್ಲಿ ವಿಲ್ಮಾ ಗೆಳತಿಯನ್ನು ಬಸ್ಸು ಹತ್ತಿಸಿ, ಬ್ರಾಟಿಸ್ಲಾವದಲ್ಲಿ ಇನ್ನೂ ಮಾರದೆ ಉಳಿಸಿಕೊಂಡಿದ್ದ ಎಂಟನೇ ಮಹಡಿಯ ತನ್ನ ಹಳೇ ಮನೆಗೆ ಕರೆದೊಯ್ದಳು. ಕಿಟಕಿಯಾಚೆ ಬಯಲು, ಅದರಾಚೆ ಸೂಜಿಯಂತೆ ಪಾಮಾದ ಚರ್ಚಿನ ಗೋಪುರ.

"ನಿಮ್ಮಲ್ಲಿ ಕಮ್ಯುನಿಸ್ಟರಿದ್ದು ಗಡಿಗೆ ಮುಳ್ಳುತಂತಿ ಬೇಲಿ ಇದ್ದ ಕಾಲದಲ್ಲಿ ಹೊಲದಿಂದ ಈ ಕಟ್ಟಡಗಳನ್ನ ನೋಡ್ತಿದ್ವಿ," ಎಂದಳು ಆಗ್ನೆಸ್. "ಪಾಪ, ಜನಾನ ಡಬ್ಬಿಯೊಳಗೆ ತುಂಬಿಟ್ಟಿದಾರೆ ಅಂತಿದ್ದಳು ನಮ್ಮಮ್ಮ."

"ಡಬ್ಬಿಯಾ? ಬಿಸಿನೀರು ಬರ್ತಿತ್ತು ಕಣೇ! ನಾವೋ, ನಮಗೆ ಕ್ರಿಸ್‌ಮಸ್‌ಗೆ ಮಾತ್ರ ಸಿಗ್ತಿದ್ದ ಬಾಳೆಹಣ್ಣನ್ನ ಅಗೋ ಅಲ್ಲಿರೋರು ದಿನಾ ತಿಂತಾರೆ ಅಂತ ಇದೇ ಕಿಟಕೀಲಿ ಹೊಟ್ಟೆ ಉರ್ಕೋತಿದ್ವಿ."

"ಬಾಳೆಹಣ್ಣು! ನಮ್ಮಪ್ಪ ಬೀಟ್‌ರೂಟ್ ಕಿತ್ತು ಕಿತ್ತು ಬಿಲ್ಲಾಗಿದ್ದ. ನಮ್ಮನೆಗೆ ಬಿಸಿನೀರು ಬಂದಿದ್ದು ನನ್ನ ಮದುವೆ ಆದ್ಮೇಲೆ!"

ಇಬ್ಬರೂ ಕಿಟಕಿಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಸಂಜೆ ಪಾಮಾಕ್ಕೆ ಮರಳಿದ ಮೇಲೆ ಅಡುಗೆಮನೆಯಲ್ಲಿ ವಿಲ್ಮಾ ಮಗಳಿಗೆ ಹೇಳಿದಳು: "ಆ ಮನೆ ಮಾರಿಬಿಡೇ. ನನಗೆ ಅನ್ನ ಕೊಟ್ಟ ಊರು ಅದು, ಅದಕ್ಕೆ ಕೈಮುಗೀತೀನಿ. ಆದ್ರೆ ನೀನು ನನ್ನ ಇಲ್ಲಿಗೆ ಎಳ್ಕೊಂಡು ಬಂದೆಯಲ್ಲ, ಒಳ್ಳೇದು ಮಾಡ್ದೆ ಕಣೇ."

ಜ್ದೆಂಕಾ ಗಾಬರಿಯಾಗಿ ಅಮ್ಮನ ಹಣೆ ಮುಟ್ಟಿ ನೋಡಿದಳು. ಜ್ವರವೇನೂ ಇರಲಿಲ್ಲ.