ಒಂಬತ್ತನೆಯ ಜಂಪಿನ ಸದ್ದು

ನವೆಂಬರ್ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ನನ್ನ ಮಗಳು ಒಂಬತ್ತನೆಯ ಜಂಪಿನ ಮುಂದೆ ಕುದುರೆಯಿಂದ ಬಿದ್ದಳು. ಕುದುರೆ ನಿಂತಿತು, ಆಕೆ ನಿಲ್ಲಲಿಲ್ಲ. ಎಡಭುಜಕ್ಕೆ ಪೆಟ್ಟಾಯಿತು. ಎಲುಬು ಮುರಿದಿಲ್ಲ ಎಂದು ಎಕ್ಸ್‌ರೇ ನೋಡಿದ ಡಾಕ್ಟರು ಹೇಳಿದರು. ಹೆಲ್ಮೆಟ್ ಸೀಳಿತ್ತು. ಆಕೆಗೆ ಹದಿನಾರು ವರ್ಷ, ಹನ್ನೊಂದನೆಯ ತರಗತಿ.

ನಾನು ಹುಬ್ಬಳ್ಳಿಯ ಪತ್ರಿಕೆಯೊಂದರ ಡೆಸ್ಕಿನಲ್ಲಿ ಹತ್ತೊಂಬತ್ತು ವರ್ಷ ಕೂತವನು. ಹೆಂಡತಿ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಇಂಜಿನಿಯರ್. ಅವಳಿಗೆ ನಾಗಪುರಕ್ಕೆ ವರ್ಗವಾದಾಗ ನಾನೂ ಮಗಳೂ ಬೆನ್ನಿಗೆ ಬಂದೆವು. ಮನೀಶ್ ನಗರದ ಮನೆಯಲ್ಲಿ ಕೂತು ಈಗಲೂ ಅದೇ ಪತ್ರಿಕೆಯ ಪುರವಣಿ ತಿದ್ದುತ್ತೇನೆ. ನಡೆದದ್ದನ್ನು ದಿನ, ಗಂಟೆ ಹಾಕಿ ಬರೆದಿಡುವುದು ಡೆಸ್ಕಿನಿಂದ ಬಂದ ಚಟ. ಇಲ್ಲಿರುವುದರ ಬಹುಪಾಲು ಆ ಡೈರಿಯಲ್ಲಿದೆ.

ಮಗಳ ಆಟಕ್ಕೆ ಇವೆಂಟಿಂಗ್ ಎನ್ನುತ್ತಾರೆ. ಒಂದೇ ಕುದುರೆ, ಒಬ್ಬರೇ ಸವಾರರು, ಮೂರು ಪರೀಕ್ಷೆ. ಮೊದಲನೆಯದು ಅಂಗಳದೊಳಗೆ ಕುದುರೆಯನ್ನು ಹೇಳಿದ ಹೆಜ್ಜೆಯಲ್ಲಿ ನಡೆಸಿ ತೋರಿಸುವುದು. ಎರಡನೆಯದು ಬಯಲಿನ ಓಟ, ದಾರಿಯುದ್ದಕ್ಕೂ ದಿಮ್ಮಿ, ಹಳ್ಳ, ಪೊದೆ ಹಾರಬೇಕು. ಮೂರನೆಯದರಲ್ಲಿ ಬಣ್ಣದ ಕೋಲುಗಳನ್ನು ಬೀಳಿಸದೆ ಹಾರಬೇಕು. ಜಂಪುಗಳ ಎತ್ತರದ ಮೇಲೆ ಹಂತಗಳಿವೆ. ಮಗಳು ಎರಡು ವರ್ಷ ತೊಂಬತ್ತು ಸೆಂಟಿಮೀಟರಿನ ಹಂತದಲ್ಲಿದ್ದಳು. ಆ ಭಾನುವಾರದ ಸ್ಪರ್ಧೆಯಲ್ಲಿ ಮೊದಲ ಸಲ ಒಂದು ಮೀಟರಿನ ಹಂತಕ್ಕೆ ಹೋಗಿದ್ದಳು.

"ಎಷ್ಟ ಫರಕ ಅದು?" ಎಂದು ಅತ್ತೆ ಕೇಳಿದರು. ನನ್ನ ಹೆಂಡತಿಯ ತಾಯಿ. ದಸರೆಗೆ ಧಾರವಾಡದಿಂದ ಬಂದವರು ನಮ್ಮಲ್ಲೇ ಇದ್ದರು.

"ಹತ್ತ ಸೆಂಟಿಮೀಟರ್ ರಿ ಅತ್ತಿ."

ಅವರು ಬೆರಳು ಜೋಡಿಸಿ ಅಳತೆ ನೋಡಿಕೊಂಡರು. "ಐದ ಬೆಟ್ಟು. ಐದ ಬೆಟ್ಟಿನ ಸಲುವಾಗಿ ಕೂಸು ಭುಜಾ ಮುರ್ಕೋಬೇಕೇನ?"

ಬಯಲಿನ ಜಂಪುಗಳು ನೆಲದಲ್ಲಿ ಹೂತಿಟ್ಟವು. ಕುದುರೆ ತಾಗಿದರೆ ದಿಮ್ಮಿ ಬೀಳುವುದಿಲ್ಲ, ಕುದುರೆ ಬೀಳುತ್ತದೆ, ಸವಾರರ ಮೇಲೆಯೇ ಬೀಳಬಹುದು. ಇದನ್ನು ನಾನು ಅತ್ತೆಗೆ ಹೇಳಲಿಲ್ಲ.

ಜನವರಿಯ ಸ್ಪರ್ಧೆಗೆ ಹೆಸರು ಕೊಡಲು ಡಿಸೆಂಬರ್ ಮಧ್ಯದ ಶನಿವಾರ ಮಧ್ಯಾಹ್ನ ಹನ್ನೆರಡು ಕೊನೆಯ ಗಡುವು. ಅರ್ಜಿಯಲ್ಲಿ ಹಂತ ಬರೆಯಬೇಕು. ಮೇಲಿನದೋ, ಕೆಳಗಿನದೋ? ಮಗಳ ಉತ್ತರ ಮೊದಲ ದಿನದಿಂದ ಒಂದೇ: ಮೇಲಿನದು. ಅವಳ ಜೊತೆಯ ಮೂವರೂ ಒಂದು ಮೀಟರಿಗೆ ಹೋಗುತ್ತಿದ್ದರು. ಕುದುರೆ ಹೆದರಿತು, ಬಿದ್ದದ್ದು ಅದರ ತಪ್ಪು ಎಂಬುದು ಅವಳ ವಾದ. "ಅದು ಡರ್ ಗಯಾ ಅಪ್ಪಾ. ನಂದೇನೂ ಇಲ್ಲ ಅದ್ರಾಗ."

ಮಗಳು ಕಲಿಯುವುದು ಊರ ಹೊರಗೆ ಹಿಂಗಣಾ ದಾಟಿದ ಮೇಲೆ ಸಿಗುವ ಸವಾರಿ ಶಾಲೆಯಲ್ಲಿ. ಅಲ್ಲಿನ ಗುರುವನ್ನು ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಸೈನ್ಯದ ಕುದುರೆ ದಳದಿಂದ ನಿವೃತ್ತರಾದವರು, ಹಿಂದಿ ಬಿಟ್ಟು ಬೇರೆ ಆಡದವರು. ಶಿಷ್ಯರ ಹಂತವನ್ನು ಅವರು ನಿರ್ಧರಿಸುವುದಿಲ್ಲ. ಅವರದೊಂದು ನಿಯಮವಿದೆ: ಬಿದ್ದವರು ತಮ್ಮ ಓಟದ ವಿಡಿಯೊವನ್ನು ಮೂರು ಸಲ ನೋಡಬೇಕು, ಪ್ರತಿ ಜಂಪಿನ ಮುಂಚೆ ಕುದುರೆಯ ಹೆಜ್ಜೆಯನ್ನು ಬಾಯಿಬಿಟ್ಟು ಎಣಿಸಬೇಕು, ಆಮೇಲೆ ಬಂದು ಹಂತ ಹೇಳಬೇಕು. "ಆಂಖ್ ಸೇ ನಹೀಂ, ಕಾನ್ ಸೇ ದೇಖ್‌ನಾ," ಎಂದು ಮಗಳಿಗೆ ತಾಕೀತು ಮಾಡಿದ್ದರು. ಕಣ್ಣಿನಿಂದಲ್ಲ, ಕಿವಿಯಿಂದ ನೋಡು. ಅದಕ್ಕೆ ಕಾರಣವೂ ಇತ್ತು. ಅವರು ಬಯಲಿನ ನಡುವಿನ ದಿಬ್ಬದ ಮೇಲೆ ನಿಂತು ವಿಡಿಯೊ ತೆಗೆಯುತ್ತಾರೆ. ಮಳೆಗಾಲ ಮುಗಿದ ಮೇಲೆ ಹುಲ್ಲು ಮೊಣಕಾಲೆತ್ತರ ಇರುತ್ತದೆ, ಗೊರಸು ಕಾಣುವುದಿಲ್ಲ. ಸದ್ದು ಮಾತ್ರ ಕೇಳುತ್ತದೆ.

ಆ ಸದ್ದನ್ನು ಕೇಳಲು ನಮಗೆ ನಾಲ್ಕು ವಾರಕ್ಕೂ ಹೆಚ್ಚು ಹಿಡಿಯಿತು.

ಉಸ್ತಾದರ ಬಳಿ ಹಳೆಯ ಗುಂಡಿ ಫೋನು. ವಿಡಿಯೊ ತೆಗೆಯುವುದು ಕುದುರೆ ನೋಡಿಕೊಳ್ಳುವ ಸೈಸನ ಫೋನಿನಲ್ಲಿ. ಅವನು ಅದನ್ನು ಇಂಟರ್‌ನೆಟ್ಟಿಗೆ ಏರಿಸಿ, ಜಾಗ ಸಾಲದೆಂದು ಅಂದೇ ಅಳಿಸುತ್ತಾನೆ. ನಮಗೆ ಬಂದದ್ದು ಲಿಂಕು ಮಾತ್ರ. ಟಿ.ವಿ.ಗೆ ಸಿಕ್ಕಿಸಿದ ಸ್ಟ್ರೀಮಿಂಗ್ ಸ್ಟಿಕ್ಕಿನಲ್ಲಿ ಅದನ್ನು ಹಾಕಿದಾಗ ಉಸ್ತಾದರ ದನಿಯೂ ಬರಲಿಲ್ಲ, ಕುದುರೆಯ ಸದ್ದೂ ಬರಲಿಲ್ಲ. ಒಬ್ಬ ಹೆಣ್ಣುಮಗಳು ಅಚ್ಚ ಕನ್ನಡದಲ್ಲಿ, ಮದುವೆಗೆ ಕರೆಯುವ ಉಲ್ಲಾಸದಲ್ಲಿ, ಹೀಗೆಂದಳು: "ನಮಸ್ಕಾರ. ಒಳ್ಳೆಯ ಅಂಗಡಿಯ ಸಮಯದಲ್ಲಿ ನಾವು ಹತ್ತಿರ ಇದ್ದೇವೆ."

ಯಂತ್ರದ ಡಬ್ಬಿಂಗ್. ಈಗ ಈ ತಾಣಗಳು ಯಾರೂ ಕೇಳದೆಯೇ ಅನುವಾದ ಮಾಡಿ ಬಡಿಸುತ್ತವೆ. ಮೂಲದ ಸದ್ದೆಲ್ಲ ಅಳಿಸಿ ಹೊಸ ದನಿ ಕೂರಿಸುತ್ತವೆ.

ಮಗಳು ರಿಮೋಟ್ ಸೋಫಾದ ಮೇಲೆ ಎಸೆದಳು. "ಅಪ್ಪಾ, ಯೇ ಕ್ಯಾ ಲಾವಲಯ್!" ಇದೇನು ಹಾಕಿದ್ದೀ!

ಅತ್ತೆ ಮಾತ್ರ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ದಸರೆಯಿಂದ ಈಚೆಗೆ ಈ ಮನೆಯ ಟಿ.ವಿ. ಅವರೊಂದಿಗೆ ಇಷ್ಟು ಸ್ಪಷ್ಟ ಕನ್ನಡ ಆಡಿರಲಿಲ್ಲ. "ಇರ್ಲಿ ಬಿಡ. ಏನ ಹೇಳ್ಲಿಕ್ಕತ್ತಾಳ ತಿಳೀವಲ್ದು, ಖರೆ ಭಾಷಾ ಭಾಳ ಚಂದ ಐತಿ." ನನ್ನ ಕಡೆ ತಿರುಗಿದರು. "ನಿಮ್ಮ ಪುರವಣಿ ಇದ್ದಂಗ ಐತಿ."

ಡೈರಿಯಲ್ಲಿ ಮುಂದಿನ ದಿನಗಳು ಹೀಗಿವೆ. ಸೋಮವಾರ ಸಂಜೆ: ಸ್ಟಿಕ್ ಬಂದ್ ಮಾಡಿ ಚಾಲೂ ಮಾಡಿದೆ, ಅದೇ ಹೆಣ್ಣುದನಿ. ಬುಧವಾರ: ಸೆಟ್ಟಿಂಗ್ ಕೆದಕಿದ್ದರ ಫಲ, ಕ್ರಿಕೆಟ್ ತಮಿಳಿನಲ್ಲಿ, ಅಡುಗೆ ಕಾರ್ಯಕ್ರಮ ತೆಲುಗಿನಲ್ಲಿ, ವಿಡಿಯೊ ಕನ್ನಡದಲ್ಲಿ. ಶುಕ್ರವಾರ: ಭಾಷೆಯ ಪಟ್ಟಿ ಸಿಕ್ಕಿತು. ಒಟ್ಟು ಹನ್ನೊಂದು ಭಾಷೆ. ಹಿಂದಿ ಒತ್ತಿದೆ. ಒಬ್ಬ ಗಂಡಸು ರೇಡಿಯೊ ವಾರ್ತೆಯ ಹಿಂದಿಯಲ್ಲಿ ಅಂಗಡಿಯ ಸಮಯದ ಬಗ್ಗೆಯೇ ಹೇಳಿದ. ಉಸ್ತಾದರಲ್ಲ. ಮರಾಠಿ ಒತ್ತಿದೆ. ಅಲ್ಲಿಯೂ ಅಂಗಡಿ. ಮಗಳ ಫೋನಿನಲ್ಲಿ ನೋಡಿದೆವು. ಮನೆಯ ಫೋನು, ಟಿ.ವಿ. ಎಲ್ಲಕ್ಕೂ ಒಂದೇ ಖಾತೆ, ನಾನೇ ಮಾಡಿದ ಏರ್ಪಾಡು. ಅಲ್ಲೂ ಅದೇ.

ಸ್ಟಿಕ್ ಕಂಪನಿಯ ಸಹಾಯವಾಣಿಗೆ ಮೂರು ಸಲ ಫೋನ್ ಮಾಡಿದೆ. ಮೂರೂ ಸಲ ಬೇರೆ ಬೇರೆಯವರು, ಮೂರೂ ಸಲ ಮೊದಲಿನಿಂದ ಕಥೆ.

"ಸರ್, ಬಂದ್ ಕರಕೇ ಚಾಲೂ ಕಿಯಾ ಆಪ್‌ನೇ?"

"ಕಿಯಾ."

"ಏಕ್ ಬಾರ್ ಫಿರ್ ಕೀಜಿಯೇ ಸರ್." ಇನ್ನೊಂದು ಸಲ ಮಾಡಿ.

ಮೂರನೆಯವಳು ನನ್ನ ಹಿಂದಿಯ ಉಚ್ಚಾರ ಕೇಳಿ, ನೆರವಾಗುವ ಉತ್ಸಾಹದಲ್ಲಿ, ಕರೆಯನ್ನು ತೆಲುಗು ವಿಭಾಗಕ್ಕೆ ದಾಟಿಸಿದಳು. ಡೈರಿಯಲ್ಲಿ ಆ ದಿನದ ಪುಟದಲ್ಲಿ ಪೆನ್ನು ಒತ್ತಿ ಹಾಳೆ ಹರಿದಿದೆ.

ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಮಗಳು ವಿಡಿಯೊದ ದನಿ ಬಂದ್ ಮಾಡಿ ಮೂರು ಸಲ ನೋಡಿ ಮುಗಿಸಿದಳು. ಹೆಜ್ಜೆಯನ್ನು ಅಂದಾಜಿನಲ್ಲಿ ಎಣಿಸಿದಳು. ಕುದುರೆ ಒಂಬತ್ತರ ಮುಂದೆ ನಿಲ್ಲುವುದು ಚಿತ್ರದಲ್ಲಿ ಕಾಣುತ್ತಿತ್ತು. ಯಾಕೆ ನಿಂತಿತು ಎಂಬುದು ಕಾಣುತ್ತಿರಲಿಲ್ಲ. "ದಿಸ್ತಯ್ ನಾ ಅಪ್ಪಾ, ಕಾಣ್ತದಲ್ಲ? ಬರೋಬರ್ ಹೋಗ್ಲಿಕ್ಕತ್ತಿದ್ದೆ. ಅಚಾನಕ್ ನಿಂತತಿ. ಕುದುರೀದೇ ತಪ್ಪು. ನಾ ಮೇಲಿಂದೇ ಬರೀತೀನಿ."

ನಾನು ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ತಂದೆಯ ಸಹಿ ಇಲ್ಲದೆ ಅರ್ಜಿ ಹೋಗುವುದಿಲ್ಲ. ಒಂಬತ್ತರ ಮುಂದೆ ಏನಾಯಿತೆಂದು ಗೊತ್ತಿಲ್ಲದೆ ಸಹಿ ಹಾಕುವುದು ಖಾತ್ರಿಯಿಲ್ಲದ ಸುದ್ದಿಯನ್ನು ಪುಟಕ್ಕೆ ಬಿಟ್ಟಂತೆ. ಡೆಸ್ಕಿನಲ್ಲಾದರೆ ಮರುದಿನ ತಿದ್ದುಪಡಿ ಹಾಕಬಹುದಿತ್ತು.

ಗಡುವಿನ ಹಿಂದಿನ ಸಂಜೆ, ಶುಕ್ರವಾರ ಆರೂವರೆಗೆ, ಹೆಂಡತಿ ಆಫೀಸಿನಿಂದ ಬಂದಳು. ಮಗಳು ಅರ್ಜಿ ಹಿಡಿದು ನನ್ನ ಮುಂದೆ ನಿಂತಿದ್ದಳು. ನಾನು ನಾಲ್ಕನೆಯ ಸಲ ಸಹಾಯವಾಣಿಯ ಸಂಗೀತ ಕೇಳುತ್ತಿದ್ದೆ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು.

"ಇನ್ನೂ ಆಗಿಲ್ಲೇನ್ರಿ ಅದು?" ಎಂದಳು ಹೆಂಡತಿ.

"ಎಲ್ಲಾ ಮಾಡಿ ನೋಡೇನಿ."

"ಎಲ್ಲಾ ಅಂದ್ರ ಯಾವ್ಯಾವು?"

"ಕನ್ನಡ, ಹಿಂದಿ, ಮರಾಠಿ."

"ಪಟ್ಟಿನ್ಯಾಗ ಎಷ್ಟ ಅದಾವು?"

"ಹನ್ನೊಂದು."

ಅವಳು ನನ್ನನ್ನು ನೋಡಿದ ರೀತಿ ಡೈರಿಯಲ್ಲಿ ಇಲ್ಲ. ಫೋನ್ ಇಡಿಸಿದಳು. ಸಿಗ್ನಲ್ ಕೆಟ್ಟಾಗ ಅವರಲ್ಲಿ ಒಂದು ಪದ್ಧತಿಯಿದೆ: ಯಾವ ತಂತಿ ಕೆಟ್ಟಿರಬಹುದು ಎಂದು ಯಾರೂ ಊಹಿಸುವಂತಿಲ್ಲ. ಒಂದನೆಯದರಿಂದ ಶುರು ಮಾಡಿ, ಸರಿಯಿದೆ ಎಂದು ಗೊತ್ತಿರುವುದನ್ನೂ ಬಿಡದೆ, ಸಾಲಾಗಿ ಪರೀಕ್ಷಿಸಬೇಕು. ಅವಳು ಚಪ್ಪಲಿಯನ್ನೂ ಬಿಡದೆ ರಿಮೋಟ್ ಹಿಡಿದು ಪಟ್ಟಿಯ ತಲೆಗೆ ಹೋದಳು. ಒಂದನೆಯದು ಇಂಗ್ಲಿಷ್.

"ಅದು ಬ್ಯಾಡ," ಎಂದೆ. "ಉಸ್ತಾದರಿಗೆ ಇಂಗ್ಲಿಷ್ ಒಂದಕ್ಷರ ಬರಂಗಿಲ್ಲ."

"ನಾ ನಿಮ್ಮನ್ನ ಕೇಳ್ಲಿಲ್ಲ," ಎಂದು ಒತ್ತಿದಳು.

ಮೊದಲು ಗಾಳಿಯ ಸದ್ದು ಬಂತು. ಆಮೇಲೆ ದೂರದಲ್ಲಿ ಯಾರೋ ಕೆಮ್ಮಿದರು. ಆಮೇಲೆ ಉಸ್ತಾದರು, ಅವರದೇ ದನಿಯಲ್ಲಿ, ಅವರದೇ ಹಿಂದಿಯಲ್ಲಿ: "ಆ ರಹೀ ಹೈ." ಬರುತ್ತಿದ್ದಾಳೆ.

ಸೈಸನ ಫೋನಿನಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿದ್ದದ್ದರಿಂದ ವಿಡಿಯೊದ ಮೂಲ ಭಾಷೆಯೂ ಇಂಗ್ಲಿಷ್ ಎಂದು ದಾಖಲಾಗಿತ್ತು ಎಂದು ಹೆಂಡತಿ ಆಮೇಲೆ ವಿವರಿಸಿದಳು. ಯಂತ್ರ ಹಿಂದಿಯನ್ನು ಇಂಗ್ಲಿಷ್ ಎಂದು ತಿಳಿದು, ಅದಕ್ಕೊಂದು ಅರ್ಥ ಕಟ್ಟಿ, ಹತ್ತು ಭಾಷೆಗೆ ಹಂಚಿತ್ತು. ಟಿ.ವಿ. ಕನ್ನಡವನ್ನೇ ಮೊದಲು ಹುಡುಕುವಂತೆ ಮಾಡಿದ್ದು, ದಸರೆಯ ವಾರ, ಅತ್ತೆಗಾಗಿ, ನಾನು. ಮಾಡಿದ್ದು ಡೈರಿಯಲ್ಲಿದೆ. ಆ ಪುಟ ನಾನು ತೆರೆದಿರಲಿಲ್ಲ.

ಆ ಹೊತ್ತಿಗೆ ಇದಾವುದನ್ನೂ ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಗೊರಸಿನ ಸದ್ದು ಬಂದಿತ್ತು.

ಐದನೆಯ ಜಂಪಿನಿಂದ ಒಂಬತ್ತನೆಯದರವರೆಗೆ ದಾರಿ ಆ ದಿಬ್ಬವನ್ನೇ ಬಳಸಿಕೊಂಡು ಹೋಗುತ್ತದೆ. ಮೂರು ಬಡಿತ, ಒಂದು ಬಿಡುವು. ಮೂರು ಬಡಿತ, ಒಂದು ಬಿಡುವು. ಕುದುರೆಯ ಬಗ್ಗೆ ಏನೂ ತಿಳಿಯದವರಿಗೂ ಕೇಳುವಂಥ ಲಯ. ಸ್ಪರ್ಧೆ ನಡೆಯುವಾಗ ಗುರು ಸವಾರರಿಗೆ ಕೂಗಿ ಹೇಳುವಂತಿಲ್ಲ. ಹೇಳಬೇಕೆನಿಸಿದ್ದನ್ನು ಉಸ್ತಾದರು ಫೋನಿಗೆ ಹೇಳಿಕೊಳ್ಳುತ್ತಾರೆ. ಐದರ ಮುಂದೆ ಅವರು ಎಣಿಸಿದರು: "ತೀನ್, ದೋ, ಏಕ್." ಕೊನೆಯ ಎಣಿಕೆಯಲ್ಲಿ ಲಯ ಒಡೆಯಿತು. ಬಡಿತಗಳು ಒಂದರ ಮೇಲೊಂದು ಬಿದ್ದವು. ಆದರೂ ಕುದುರೆ ಹಾರಿತು.

ಮಗಳು ಅರ್ಜಿಯನ್ನು ಮೇಜಿನ ಮೇಲಿಟ್ಟು ಟಿ.ವಿ.ಗೆ ಹತ್ತಿರ ಹೋಗಿ ನೆಲದ ಮೇಲೆ ಕೂತಳು.

ಆರರ ಮುಂದೆ ಮತ್ತೆ ಒಡೆಯಿತು. ಏಳರಲ್ಲೂ ಅಷ್ಟೆ. ಎಂಟರ ಮುಂದೆ ಉಸ್ತಾದರ ಎಣಿಕೆ ನಿಂತು ದನಿ ಏರಿತು. "ಹಾಥ್ ಛೋಡ್ ಬೇಟಾ. ಮತ್ ಖೀಂಚ್, ಮತ್ ಖೀಂಚ್." ಕೈ ಸಡಿಲ ಬಿಡು, ಲಗಾಮು ಎಳೆಯಬೇಡ. ಒಂಬತ್ತರ ಮುಂದೆ ಅವರು ಏನೂ ಹೇಳಲಿಲ್ಲ. ಗೊರಸಿನ ಸದ್ದು ಚೂರುಚೂರಾಗಿ, ಹೆಜ್ಜೆ ಹೆಜ್ಜೆಗೂ ಚಿಕ್ಕದಾಗಿ, ನಿಂತಿತು.

"ಮತ್ತ ಹಾಕ ಅಮ್ಮಾ," ಎಂದಳು ಮಗಳು.

ಎರಡನೆಯ ಸಲ ಅವಳೇ ಎಣಿಸಿದಳು. ಮೂರನೆಯ ಸಲ ಎಣಿಸುವಾಗ ಎರಡೂ ಕೈ ಲಗಾಮು ಹಿಡಿದಂತೆ ಮುಂದೆ ಚಾಚಿದ್ದವು. ಪ್ರತಿ ಜಂಪಿನ ಮುಂದೆ ಆ ಕೈಗಳು ತಾವಾಗಿಯೇ ಹೊಟ್ಟೆಯ ಕಡೆ ಬಂದವು. ಅವಳು ಅದನ್ನು ನೋಡಿಕೊಂಡಳು.

ಅತ್ತೆಯ ಕೈಯಲ್ಲಿ ಅವರೆಕಾಯಿ ಹಾಗೇ ಇತ್ತು. "ಏನಾತ ಈಗ? ಯಾಕ ಎಲ್ಲಾರೂ ಸುಮ್ನ ಕೂತ್ರಿ?"

"ಕುದುರಿ ತಪ್ಪಲ್ಲ ಅಜ್ಜಿ," ಎಂದಳು ಮಗಳು. "ಎತ್ತರ ಕಂಡ್ ಕೂಡ್ಲೆ ನಾನ ಎಳೀಲಿಕ್ಕತ್ತೇನಿ. ಐದರಿಂದನ. ಅದು ನಾಲ್ಕ ಸಲ ಸಂಬಾಳಿಸೇತಿ."

"ಮತ್ತ ಆ ಟಿ.ವಿ. ಬಾಯಾರು ಯಾಕ ಹೇಳ್ಲಿಲ್ಲ ಇದನ್ನ? ಅಷ್ಟ ಚಂದ ಮಾತಾಡ್ತಿದ್ರು."



ಶನಿವಾರ ಬೆಳಿಗ್ಗೆ ಎಂಟಕ್ಕೆ ಮಗಳನ್ನು ಸ್ಕೂಟರಿನಲ್ಲಿ ಸವಾರಿ ಶಾಲೆಗೆ ಕರೆದುಕೊಂಡು ಹೋದೆ. ಉಸ್ತಾದರು ಕುದುರೆಯ ಹಿಂಗಾಲಿಗೆ ನೀರು ಹಾಕಿಸುತ್ತಿದ್ದರು. ಅವಳ ಜೊತೆಯ ಮೂವರೂ ಅಲ್ಲೇ ಜೀನು ಒರೆಸುತ್ತಿದ್ದರು. ಅವರೆಲ್ಲರಿಗೂ ಕೇಳುವಂತೆ ಹೇಳಬೇಕಾಗಿತ್ತು, ಹೇಳಿದಳು: ನೀಚೇ ಕಾ ಲೆವೆಲ್, ಕೆಳಗಿನ ಹಂತ.

ಒಬ್ಬ ಹುಡುಗಿ ನಕ್ಕಳು. "ಕಾಯ್ ಗಂ, ಘಾಬರಲೀಸ್?" ಏನೇ, ಹೆದರಿದಿಯಾ?

"ಹೋ," ಎಂದಳು ಮಗಳು. ಹೌದು.

ಉಸ್ತಾದರು ತಿರುಗಿ ನೋಡಲಿಲ್ಲ. "ಕಿತ್ನೀ ಬಾರ್ ಸುನಾ?" ಎಷ್ಟು ಸಲ ಕೇಳಿದೆ?

"ತೀನ್ ಬಾರ್."

"ಏಕ್ ಮಹೀನಾ ಲಗಾ ದಿಯಾ ತೀನ್ ಬಾರ್ ಸುನ್‌ನೇ ಮೇಂ?" ಮೂರು ಸಲ ಕೇಳಲು ಒಂದು ತಿಂಗಳು ಬೇಕಾಯಿತೇ?

ಮಗಳು ನನ್ನ ಕಡೆ ನೋಡಿದಳು. ನಾನು ಟಿ.ವಿ.ಯ ವಿಷಯ ಶುರು ಮಾಡಿದೆ. ಅವರು ಅರ್ಧಕ್ಕೇ ಕೈ ಎತ್ತಿ ತಡೆದು, ಕುದುರೆಯ ಇನ್ನೊಂದು ಕಾಲಿಗೆ ಹೋದರು.

ಅರ್ಜಿಗೆ ಒಂಬತ್ತು ಹತ್ತಕ್ಕೆ ಸಹಿ ಹಾಕಿದೆ. ಹಂತ: ತೊಂಬತ್ತು ಸೆಂಟಿಮೀಟರ್. ಮುಂದಿನ ಐದು ವಾರ ಉಸ್ತಾದರು ಅವಳಿಗೆ ಬಯಲಿನ ಜಂಪು ಕೊಡಲಿಲ್ಲ. ನೆಲದ ಮೇಲೆ ಕೋಲು ಹಾಸಿ, ಲಗಾಮಿಗೆ ಗಂಟು ಹಾಕಿ ಕುದುರೆಯ ಕುತ್ತಿಗೆಯ ಮೇಲೆ ಬಿಡಿಸಿ, ಎರಡೂ ಕೈ ಸೊಂಟದ ಮೇಲಿಡಿಸಿ ದಾಟಿಸಿದರು. ಮನೆಗೆ ಬಂದು ಅವಳು ದಿನಾ ಸಿಡುಕಿದಳು. ಇದು ಚಿಕ್ಕ ಮಕ್ಕಳ ಪಾಠ ಎಂದಳು. ಆ ಮೂವರು ಮೀಟರಿನ ಜಂಪು ಹಾರುವಾಗ ತಾನು ನೆಲದ ಕೋಲು ದಾಟುತ್ತಿದ್ದೇನೆ ಎಂದಳು. ಮರುದಿನ ಬೆಳಿಗ್ಗೆ ಐದೂಮುಕ್ಕಾಲಿಗೆ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು.

ಜನವರಿ ಕೊನೆಯ ಭಾನುವಾರ ಸ್ಪರ್ಧೆ ನಡೆಯಿತು. ಬಯಲಿನ ಓಟದಲ್ಲಿ ಹದಿನಾಲ್ಕು ಜಂಪು. ಕುದುರೆ ಒಂದರ ಮುಂದೆಯೂ ನಿಲ್ಲಲಿಲ್ಲ. ನಿಗದಿತ ಸಮಯಕ್ಕಿಂತ ಇಪ್ಪತ್ತೆರಡು ಸೆಕೆಂಡ್ ತಡವಾಗಿ ಮುಗಿಸಿದಳು, ಅದಕ್ಕೆ ಅಂಕ ಕಡಿತವಾಯಿತು. ಕೊನೆಯ ಪರೀಕ್ಷೆಯಲ್ಲಿ ಎರಡು ಕೋಲು ಬಿದ್ದವು. ಒಟ್ಟು ಹದಿನೇಳು ಸವಾರರಲ್ಲಿ ಹನ್ನೊಂದನೆಯ ಸ್ಥಾನ. ಮುಂದಿನ ಸ್ಪರ್ಧೆ ಏಪ್ರಿಲ್‌ನಲ್ಲಿದೆ. ಅದಕ್ಕೆ ಅವಳು ನಿನ್ನೆ ಸಂಜೆ ಅರ್ಜಿ ತುಂಬಿ ಸಹಿಗೆ ಕೊಟ್ಟಳು. ಹಂತ: ತೊಂಬತ್ತು ಸೆಂಟಿಮೀಟರ್.