ಸುಣ್ಣದ ಹಾಳೆಗೆ ನೇತುಹಾಕಿದ ಸಂಸಾರ

ಮಿಷಿಗನ್‌ಗೆ ಬಂದ ಮೊದಲ ಚಳಿಗಾಲದಲ್ಲಿ ನಮ್ಮ ಅಡುಗೆಮನೆಯ ಗೋಡೆ ಕಳಚಿ ಅನ್ನದ ಪಾತ್ರೆಗೆ ಬಿತ್ತು. ಉತ್ಪ್ರೇಕ್ಷೆಯಲ್ಲ. ಕೋಲಾರದಿಂದ ಹೊತ್ತು ತಂದಿದ್ದ ಸ್ಟೀಲಿನ ತಟ್ಟೆ ಸ್ಟ್ಯಾಂಡನ್ನು ನನ್ನ ಗಂಡ ಇಕ್ಬಾಲ್ ಹಿಂದಿನ ದಿನವಷ್ಟೇ ಒಲೆಯ ಪಕ್ಕದ ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ್ದರು. ತಟ್ಟೆ, ಲೋಟ, ಬಟ್ಟಲುಗಳನ್ನು ಜೋಡಿಸಿ, ಅಂತೂ ಇದೂ ಒಂದು ಮನೆಯಾಯಿತು ಎಂದುಕೊಂಡಿದ್ದೆ. ಮಧ್ಯಾಹ್ನ ಫ್ರಿಜ್ಜಿನಿಂದ ಮೊಸರು ತೆಗೆಯುತ್ತಿದ್ದೆ. ಸ್ಟ್ಯಾಂಡು ಗೋಡೆಯ ತುಂಡನ್ನೂ ಕಿತ್ತುಕೊಂಡು ಧಡಾರನೆ ಬಿತ್ತು. ಬಿಸಿ ಅನ್ನದ ಮೇಲೆಲ್ಲ ಬಿಳಿ ಪುಡಿ. ನೆಲದಲ್ಲಿ ಆಡುತ್ತಿದ್ದ ಮಗಳು ಸನಾಳ ಹಣೆಯಲ್ಲಿ ರಕ್ತ.

ಗಾಯ ಆಳವಾಗಿರಲಿಲ್ಲ. ಅವಳನ್ನು ಸಮಾಧಾನ ಮಾಡಿ ಮಲಗಿಸಿದ ಮೇಲೆ ಗೋಡೆಯ ತೂತಿಗೆ ಕೈ ಹಾಕಿ ನೋಡಿದೆ. ಒಳಗೆ ಏನೂ ಇರಲಿಲ್ಲ, ಬರೀ ತಣ್ಣನೆಯ ಗಾಳಿ! ಎರಡು ಕಾಗದಗಳ ನಡುವೆ ಸುಣ್ಣದಂಥ ಪುಡಿಯನ್ನು ಒತ್ತಿ ಮಾಡಿದ ಹಾಳೆಗೆ ಇಲ್ಲಿ ಡ್ರೈವಾಲ್ ಅನ್ನುತ್ತಾರೆ. ಕೋಲಾರದ ನಮ್ಮ ಮನೆಯದು ಕಲ್ಲಿನ ಗೋಡೆ. ಕ್ಯಾಲೆಂಡರ್ ಹಾಕಲು ಹೊರಟ ನನ್ನ ಅಬ್ಬಾ ಮೊಳೆಗಳನ್ನೆಲ್ಲ ಸೊಟ್ಟ ಮಾಡಿಕೊಂಡು ಕೂರುತ್ತಿದ್ದರು. ಅಲ್ಲಿ ಮೊಳೆ ಒಳಗೆ ಹೋಗುವುದಿಲ್ಲ, ಇಲ್ಲಿ ಒಳಗೆ ಹೋದದ್ದು ನಿಲ್ಲುವುದಿಲ್ಲ.

ಅಪಾರ್ಟ್‌ಮೆಂಟಿನ ಮ್ಯಾನೇಜರ್ ಲಿಂಡಾ ಬಂದವಳೇ ಮಗುವಿನ ಹಣೆಯ ಪಟ್ಟಿಯನ್ನು ನೋಡಲಿಲ್ಲ, ತೂತನ್ನು ನೋಡಿದಳು. "ನಿಮ್ಮ ದೇಶದಲ್ಲಿ ಹೇಗೋ ನನಗೆ ಗೊತ್ತಿಲ್ಲ. ಇಲ್ಲಿ ಗೋಡೆಗೆ ಫೋಟೋ ಹಾಕ್ತಾರೆ, ಪಾತ್ರೆ ಅಂಗಡಿ ಹಾಕಲ್ಲ" ಎಂದಳು.

ನನ್ನ ಮೈ ಉರಿಯಿತು. ಇಂಗ್ಲಿಷ್ ಬಾಯಿಗೆ ಬರಲಿಲ್ಲ. ಮನೆಯ ಮಾತು ಉರ್ದುವಾದರೂ ಬೈಯಲು ನನಗೆ ಕನ್ನಡವೇ ಬೇಕು. ಅವಳು ಹೋದ ಮೇಲೆ ಬಾಗಿಲಿಗೇ ಬೈದೆ.

"ಬಿಡು ನಸ್ರೀನ್. ವೀಸಾ ಮೇಲೆ ಬಂದಿರೋರು ನಾವು. ಜಗಳ ಯಾಕೆ?" ಎಂದರು ಇಕ್ಬಾಲ್.

"ವೀಸಾ ಇದ್ರೆ ಮಗು ತಲೆ ಗಟ್ಟಿಯಾಗುತ್ತಾ?" ಎಂದೆ.

ನನ್ನ ಬೈಗುಳ ಕೇಳಿ ಬಾಗಿಲು ತಟ್ಟಿದವರು ಕೆಳಗಿನ ಮನೆಯ ಶಾಂತಾ ಆಂಟಿ. ಧಾರವಾಡದವರು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದವರು. ತೂತು ನೋಡಿ ನಕ್ಕರು. "ಇದು ಗ್ವಾಡಿ ಅಲ್ಲ ತಂಗಿ, ಪರದೆ. ಇದರ ಹಿಂದ ಕಟಗಿ ಕಂಬ ಇರ್ತಾವ, ಸ್ಟಡ್ ಅಂತಾರ. ಭಾರ ಹೊರೂದು ಅವು. ಕಂಬ ಹುಡುಕಿ ಮೊಳಿ ಹೊಡೀಬೇಕು."

ಮಡಕೆ ಕೊಳ್ಳುವಾಗ ತಟ್ಟಿ ನೋಡುವಂತೆ ಗೋಡೆಯನ್ನು ತಟ್ಟುತ್ತಾ ಹೋದರು. ಡಬ್, ಡಬ್ ಎನ್ನುತ್ತಿದ್ದ ಸದ್ದು ಒಂದು ಕಡೆ ಬಿಗಿಯಾಯಿತು. ಅಲ್ಲಿ ಫ್ರಿಜ್ಜಿನ ಅಯಸ್ಕಾಂತ ಹಿಡಿದು ಸರಿಸಿದರೆ ಟಕ್ಕನೆ ಅಂಟಿಕೊಂಡಿತು: ಹಾಳೆಯನ್ನು ಕಂಬಕ್ಕೆ ಬಿಗಿದ ಸ್ಕ್ರೂ ಅದು. ಶನಿವಾರ ಇಕ್ಬಾಲ್ ಉದ್ದನೆಯ ಸ್ಕ್ರೂ ತಂದು ಎರಡು ಕಂಬಗಳಿಗೆ ಸೇರಿಸಿ ಸ್ಟ್ಯಾಂಡನ್ನು ಬಿಗಿದರು. ಆಂಟಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಅಲುಗಲಿಲ್ಲ.

ಆಮೇಲೆ ನನಗೆ ತಟ್ಟುವ ಹುಚ್ಚೇ ಹಿಡಿಯಿತು. ಆಂಟಿಯ ಮನೆಗೆ ಚಹಾಕ್ಕೆ ಹೋದಾಗ ಅವರ ಒಲೆಯ ಪಕ್ಕದ ಗೋಡೆ ತಟ್ಟಿದೆ. ಮೇಲಿನ ಕಪಾಟು ಗೋಡೆಯಿಂದ ಬೆರಳು ತೂರುವಷ್ಟು ಮುಂದೆ ಬಾಗಿತ್ತು. ಬಾಗಿಲು ತೆರೆದರೆ, ಒಳಗಿನ ಸ್ಕ್ರೂಗಳ ಸುತ್ತ ಬಿಳಿ ಪುಡಿ! ಕಟ್ಟಿದವರು ಕಂಬ ಹುಡುಕುವ ಗೋಜಿಗೇ ಹೋಗದೆ ಹಾಳೆಗೇ ಸ್ಕ್ರೂ ಹೊಡೆದಿದ್ದರು. ದಿನಾ ಅದರ ಕೆಳಗೆ ನಿಂತು ಆಂಟಿ ರೊಟ್ಟಿ ಬಡಿಯುತ್ತಿದ್ದರು.

ಲಿಂಡಾಳನ್ನು ನಾನೇ ಕರೆದುತಂದೆ. "ಇವರೂ ಭಾರ ಜಾಸ್ತಿ ಹಾಕಿದ್ದಾರಾ?" ಎಂದಳು.

ಕಪಾಟಿನಲ್ಲಿದ್ದದ್ದು ಚಹಾಪುಡಿ ಡಬ್ಬಿ, ನಾಲ್ಕಾರು ಕಪ್ಪು. ನನ್ನ ಮುರುಕು ಇಂಗ್ಲಿಷಿನಲ್ಲೇ ಕೂಗಿದೆ: "ಇದು ನಮ್ಮ ಮೊಳೆಯಲ್ಲ, ನಿಮ್ಮ ಮೊಳೆ! ಇವರ ತಲೆ ಮೇಲೆ ಬಿದ್ದಿದ್ದರೆ ಯಾವ ದೇಶದ ತಪ್ಪು ಅಂತಿದ್ರಿ?"

ಅವಳ ಮುಖ ಕೆಂಪಾಯಿತು. ಆ ವಾರವೇ ಕೆಲಸದವರು ಬಂದು ಇಡೀ ಕಟ್ಟಡದ ಕಪಾಟುಗಳನ್ನು ಕಂಬಕ್ಕೆ ಬಿಗಿದರು. ಹಲವು ಮನೆಗಳಲ್ಲಿ ಅದೇ ಸ್ಥಿತಿ ಇತ್ತಂತೆ. ಕ್ಷಮೆ ಮಾತ್ರ ಯಾರೂ ಕೇಳಲಿಲ್ಲ. ಬದಲಿಗೆ, ಬಾಡಿಗೆದಾರರು ಕಪಾಟಿನಲ್ಲಿ ಹೆಚ್ಚು ಭಾರ ಇಡಬಾರದೆಂಬ ನೋಟಿಸು ಬಾಗಿಲ ಕೆಳಗಿನಿಂದ ತೂರಿಬಂತು! ಅದನ್ನು ಹರಿದು ಕಸಕ್ಕೆ ಹಾಕಿದೆ. ಆದರೆ ಅಂದಿನಿಂದ ಹೀಟರ್ ಕೆಟ್ಟರೂ, ಮೆಟ್ಟಿಲ ಹಿಮ ತೆಗೆಯದಿದ್ದರೂ, ಪಂಜಾಬಿನವರು, ಪೋಲೆಂಡಿನವರು ಎಲ್ಲರೂ ಆಫೀಸಿಗೆ ಹೋಗಲು ನನ್ನನ್ನೇ ಕರೆಯತೊಡಗಿದರು. ಇಕ್ಬಾಲರೂ ಈಗ ಬೇಡ ಎನ್ನುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಕೋಲಾರಕ್ಕೆ ಹೋಗಿದ್ದೆವು. ನಮ್ಮ ಬೀದಿಗೆ ನೀರು ಬಂದು ವಾರವಾಗಿತ್ತು. ಹೆಂಗಸರೆಲ್ಲ ಕೊಡ ಹಿಡಿದು ನೀರು ಬಿಡುವವನನ್ನು ಅಡ್ಡಗಟ್ಟಿದ್ದರು. ನಾನೂ ಸೆರಗು ಸಿಕ್ಕಿಸಿಕೊಂಡು ಹೊಸ್ತಿಲು ದಾಟಿದೆ. ತಂಗಿ ರೇಷ್ಮಾ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ನೀನು ಒಳಗೆ ಕೂತ್ಕೊ ಆಪಾ. ನಾಲ್ಕು ದಿನ ಇದ್ದು ಹೋಗೋಳು ನೀನು. ಇದು ನಮ್ಮ ಜಗಳ."

ಪ್ರೀತಿಯಿಂದಲೇ ಹೇಳಿದಳು. ನಾನು ಒಳಗೆ ಹೋಗಿ ಕೂತೆ. ಹೊರಗೆ ಅವಳ ದನಿ ಏರುತ್ತಿತ್ತು. ಬೈಗುಳಗಳೆಲ್ಲ ನನಗೆ ಗೊತ್ತಿದ್ದವೇ.