ಅರವತ್ತರ ಬಂದೂಕು, ಐವತ್ತೆಂಟರ ಕೀಲು

ಬಂದೂಕು ಮಿಸ್ತ್ರಿಯ ತಮ್ಮ ಸತ್ತದ್ದು ಬ್ಯಾಂಕಿನ ಬಾಗಿಲಲ್ಲಿ, ಮಟಮಟ ಮಧ್ಯಾಹ್ನ. ಕಳ್ಳರಿಲ್ಲ, ದರೋಡೆಯಿಲ್ಲ. ಕಾವಲು ನಿಂತಿದ್ದವನು ಬೂಟಿನ ದಾರ ಕಟ್ಟಲು ಬಗ್ಗಿದ; ಗೋಡೆಗೆ ಒರಗಿಸಿದ್ದ ಬಂದೂಕು ಜಾರಿ ಬಿತ್ತು; ಗುಂಡು ಗಂಟಲು ಸೀಳಿತು. ವಿಚಾರಣೆ ಶುರುವಾಗುವ ಮೊದಲೇ ಬ್ಯಾಂಕಿನವರು ತೀರ್ಪು ಕೊಟ್ಟಾಗಿತ್ತು: ಕಾವಲುಗಾರನ ಅಜಾಗರೂಕತೆ. ಸತ್ತವನ ತಲೆಗೆ ತಪ್ಪು ಕಟ್ಟುವುದು ಸುಲಭ. ಅವನು ಎದುರಾಡುವುದಿಲ್ಲ.

ಆದರೆ ಬಂದೂಕಿಗೆ ಸುರಕ್ಷೆಯ ಕೀಲು ಹಾಕಿದ್ದನ್ನು ಕಣ್ಣಾರೆ ಕಂಡವರಿದ್ದರು. ಕೀಲು ಹಾಕಿದ ಬಂದೂಕು ಬಿದ್ದರೂ ಗುಂಡು ಹಾರಬಾರದು. ಅದನ್ನು ರಿಪೇರಿ ಮಾಡಿದ್ದು ಮಿಸ್ತ್ರಿಯೇ.

ಅದೇ ಬ್ಯಾಂಕಿನ, ಅದೇ ನಮೂನೆಯ ಇನ್ನೊಂದು ಬಂದೂಕು ರಿಪೇರಿಗೆಂದು ಅಂಗಡಿಯಲ್ಲಿತ್ತು. ಮಿಸ್ತ್ರಿ ಅದನ್ನು ಬಿಚ್ಚಿದ. ಅದರ ಮೂಲ ಕೀಲು ಬೆರಳಲ್ಲಿ ಎಳೆಯುವ ಕುದುರೆಯನ್ನೂ ಹಿಡಿಯುತ್ತಿತ್ತು, ಗುಂಡಿಗೆ ಬಡಿಯುವ ಸುತ್ತಿಗೆಯನ್ನೂ ಹಿಡಿಯುತ್ತಿತ್ತು. ತಮ್ಮನ ಬಂದೂಕಿಗೆ ತಾನು ಹಾಕಿದ್ದ ಕೀಲು ಹಿಡಿಯುತ್ತಿದ್ದದ್ದು ಕುದುರೆಯೊಂದನ್ನೇ. ಬಿದ್ದ ಏಟಿಗೆ ಸುತ್ತಿಗೆ ತಾನೇ ಬಡಿದಿತ್ತು.

ಅವನು ಬದುಕಿಡೀ ಕೈಯಾಡಿಸಿದ್ದು ಒಂದೇ ಕಾರ್ಖಾನೆಯ ಮಾಲಿನ ಮೇಲೆ. ಅಲ್ಲಿ ಐವತ್ತೆಂಟು ಎಂದರೆ ಐವತ್ತೆಂಟನೇ ಇಸವಿಯ ನಮೂನೆ. ಬ್ಯಾಂಕಿನವರು ಎಲ್ಲಿಂದಲೋ ಅಗ್ಗಕ್ಕೆ ಹೊತ್ತು ತಂದ ಬಂದೂಕಿನ ಮೇಲೆ ಅರವತ್ತು ಎಂದಿತ್ತು. ಎರಡು ವರ್ಷ ಚಿಕ್ಕದು, ಐವತ್ತೆಂಟರ ತಮ್ಮ ಇರಬೇಕು ಅಂದುಕೊಂಡ. ಐವತ್ತೆಂಟರ ಕೀಲನ್ನು ಅರದಿಂದ ಒಂದಿಷ್ಟು ಉಜ್ಜಿದ, ಸರಿಯಾಗಿ ಕೂತಿತು. ಆದರೆ ಆ ಬಂದೂಕು ಮಾಡಿದವರ ಲೆಕ್ಕವೇ ಬೇರೆ ಎಂದು ಈಗ ವಿಚಾರಿಸಿದಾಗ ತಿಳಿಯಿತು. ಅರವತ್ತು ಎಂದರೆ ಅವರು ಬರೆದ ಅರವತ್ತನೇ ನಕ್ಷೆ, ಅಷ್ಟೇ. ಬಂದೂಕು ಹುಟ್ಟಿದ್ದು ಐವತ್ತೆಂಟಕ್ಕಿಂತ ಎಷ್ಟೋ ವರ್ಷ ಹಿಂದೆ; ಅದು ಐವತ್ತೆಂಟರ ತಮ್ಮನಲ್ಲ, ಮುತ್ತಜ್ಜ.

ತಮ್ಮನೇ ಹಿಂದೊಮ್ಮೆ ಈ ಬಂದೂಕಿನ ನಂಬರುಗಳನ್ನು ಕೇಳಿ ನಕ್ಕಿದ್ದ: "ನಿಮ್ಮ ಕಸುಬಿನೋರಿಗೆ ನೆಟ್ಟಗೆ ಒಂದು, ಎರಡು, ಮೂರು ಎಣಿಸೋಕೆ ಬರಲ್ವೇನೋ ಅಣ್ಣ?"

ಮಿಸ್ತ್ರಿ ತಮ್ಮನ ಹೆಂಡತಿಯ ಮುಂದೆ ಹೋಗಿ ನಿಂತ. ಅವಳು ಗಂಡನ ಕಾವಲು ಅಂಗಿಯ ಗುಂಡಿಗಳನ್ನು ಕೀಳುತ್ತಿದ್ದಳು. ಅವನ್ನು ಬ್ಯಾಂಕಿಗೆ ವಾಪಸ್ಸು ಕೊಡಬೇಕಿತ್ತು. ಅವನು ಎಲ್ಲ ಹೇಳಿದ.

"ಅಂದ್ರೆ ಭಾವ, ನಂಬರ್ ನೋಡಿ ವಯಸ್ಸು ಲೆಕ್ಕ ಹಾಕಿದ್ರಿ?"

"ಹೂಂ ಕಣಮ್ಮ."

"ಅವರು ಎಲ್ರ ಹತ್ರ ಏನ್ ಹೇಳ್ತಿದ್ರು ಗೊತ್ತಾ? ನಮ್ಮಣ್ಣ ಕೈಯಿಟ್ಟ ಬಂದೂಕು, ಮಗು ಪಕ್ಕ ಮಲಗಿಸಿದ್ರೂ ಸುಮ್ನಿರುತ್ತೆ ಅಂತ."

ಮಿಸ್ತ್ರಿ ಮುಖ ಮುಚ್ಚಿಕೊಂಡು ಅತ್ತ.

"ಇಲ್ಲಿ ಅತ್ರೆ ಏನ್ ಬಂತು?" ಅಂದಳು. "ವಿಚಾರಣೇಲಿ ಹೇಳಿ. ನನ್ನ ಮಗಳು ಬೇಜವಾಬ್ದಾರಿ ಮನುಷ್ಯನ ಮಗಳು ಅನ್ನಿಸ್ಕೊಂಡು ಬೆಳೀಬಾರದು."

ಅವನು ಹೇಳಿದ. ವಿಚಾರಣೆಯ ಅಧಿಕಾರಿ ಆಕಳಿಸುವುದನ್ನು ಅರ್ಧಕ್ಕೇ ಬಿಟ್ಟು ಕೇಳಿದ, "ಹಾಗಾದ್ರೆ ತಪ್ಪು ನಿಂದೇ ಏನಯ್ಯಾ?"

"ನಂದೇ ಸ್ವಾಮಿ. ಅವನದು ಏನೂ ಇಲ್ಲ."

ಮುತ್ತಜ್ಜನ ಕಾಲದ ಬಂದೂಕನ್ನು ಕೊಂಡು ತಂದವರು ಯಾರು ಎಂದು ಅಲ್ಲಿ ಒಬ್ಬನೂ ಕೇಳಲಿಲ್ಲ. ತಮ್ಮನ ಹೆಸರಿಗೆ ಅಂಟಿದ್ದ ಮಸಿ ಹೋಯಿತು. ಅಂಗಡಿಯ ಪರವಾನಗಿಯೂ ಹೋಯಿತು. ಮಿಸ್ತ್ರಿಗೆ ಅದರ ಚಿಂತೆ ಇರಲಿಲ್ಲ.

ಹೊರಗೆ ಮೆಟ್ಟಿಲ ಬಳಿ ತಮ್ಮನ ಮಗು "ದೊಡ್ಡಪ್ಪಾ" ಎಂದು ಓಡಿ ಬಂತು. ಮಿಸ್ತ್ರಿ ಬಗ್ಗಿದ. ಅಷ್ಟರಲ್ಲಿ ತಾಯಿ ಮಗುವಿನ ಕೈ ಹಿಡಿದುಕೊಂಡಳು. ಸಿಟ್ಟಿನಿಂದಲ್ಲ, ರಸ್ತೆ ದಾಟಿಸುವವರು ಹಿಡಿಯುವ ಹಾಗೆ.

"ಒಳ್ಳೇದು ಮಾಡಿದ್ರಿ ಭಾವ," ಅಂದಳು. "ಇನ್ನು ಮನೆ ಕಡೆ ಬರಬೇಡಿ."